ಉಪ್ಪು, ಮೂತ್ರಪಿಂಡ ಮತ್ತು ರಕ್ತದೊತ್ತಡ

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬುದು ಹಿರಿಯರ ಮಾತು. ಉಪ್ಪು ನಾಲಗೆಗೆ ಮಾತ್ರವಲ್ಲ, ಪ್ರಾಣಧಾರಣೆಗೂ ಬೇಕು. ಆದರೆ ಅದು ಮಿತಿಮೀರಿದರೆ ರಕ್ತದೊತ್ತಡ ಏರುತ್ತದೆ. ನಮ್ಮ ಶರೀರವು ಉಪ್ಪಿನ ಲೆಕ್ಕವನ್ನು ಹೇಗೆ ಇಡುತ್ತದೆ, ಆ ಲೆಕ್ಕ ತಪ್ಪಿದರೆ ಒದಗುವ ಅಪಾಯವೇನು ಎಂಬುದನ್ನು ಪತಿಪತ್ನಿಯರಿಬ್ಬರೂ ತಿಳಿದಿರುವುದು ಅವಶ್ಯಕ.

ಮೂತ್ರಪಿಂಡಗಳ ಕಾರ್ಯ

ಸೊಂಟದ ಮೇಲ್ಭಾಗದಲ್ಲಿ, ಬೆನ್ನುಮೂಳೆಯ ಎರಡು ಪಕ್ಕಗಳಲ್ಲಿ ಅವರೆಬೀಜದ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದರ ತೂಕ ಸುಮಾರು 150 ಗ್ರಾಂ. ಇವು ದಿನವೊಂದಕ್ಕೆ ರಕ್ತದಿಂದ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಒಂದೂವರೆ ಕಿಲೋಗ್ರಾಂನಷ್ಟು ಉಪ್ಪಿರುತ್ತದೆ. ಇದೆಲ್ಲವೂ ಹೊರಗೆ ಹರಿದುಹೋದರೆ ಮನುಷ್ಯನು ಬದುಕಲಾರನು. ಆದುದರಿಂದ ಮೂತ್ರಪಿಂಡಗಳು ಶೇಕಡಾ 99 ರಷ್ಟನ್ನು ಮರಳಿ ರಕ್ತಕ್ಕೆ ಸೇರಿಸಿ, ಉಳಿದ ಅಲ್ಪಭಾಗವನ್ನು ಮೂತ್ರವಾಗಿ ಹೊರಗೆ ಕಳುಹಿಸುತ್ತವೆ.

ಹಾರ್ಮೋನುಗಳ ಆಜ್ಞೆ

ಊರಿನ ಕೆರೆಯಲ್ಲಿ ನೀರು ಇಳಿದಾಗ ನೀರುಗಂಟಿಯು ತೂಬನ್ನು ಮುಚ್ಚುತ್ತಾನೆ. ನೀರು ತುಂಬಿದಾಗ ತೆರೆಯುತ್ತಾನೆ. ಶರೀರದಲ್ಲಿ ಈ ಕೆಲಸವನ್ನು ಮಾಡಿಸುವವು ಹಾರ್ಮೋನುಗಳೆಂಬ ರಾಸಾಯನಿಕ ದೂತರು.

ಬೆವರಿನಿಂದಲೋ ವಾಂತಿಭೇದಿಯಿಂದಲೋ ಉಪ್ಪು ಮತ್ತು ನೀರು ನಷ್ಟವಾಗಿ ರಕ್ತದೊತ್ತಡ ಇಳಿದಾಗ, ಮೂತ್ರಪಿಂಡವು ‘ರೆನಿನ್’ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಸ್ವೀಡನ್ ದೇಶದಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳು ಮೊಲದ ಮೂತ್ರಪಿಂಡದಲ್ಲಿ ಇದನ್ನು ಕಂಡುಹಿಡಿದು 1898 ರಲ್ಲಿ ಜಗತ್ತಿಗೆ ತಿಳಿಸಿದರು. ರೆನಿನ್, ಯಕೃತ್ತಿನಿಂದ ಬಂದ ಒಂದು ಸಸಾರಜನಕದ ಮೇಲೆ ಕ್ರಿಯೆ ನಡೆಸುವುದರಿಂದ ಕೊನೆಗೆ ‘ಆಂಜಿಯೋಟೆನ್ಸಿನ್’ ಎಂಬ ಹಾರ್ಮೋನು ಸಿದ್ಧವಾಗುತ್ತದೆ. ಇದು ರಕ್ತನಾಳಗಳನ್ನು ಕಿರಿದುಗೊಳಿಸುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ‘ಆಲ್ಡೊಸ್ಟೀರೋನ್’ ಎಂಬ ಮತ್ತೊಂದು ಹಾರ್ಮೋನನ್ನು ಹೊರಡಿಸುತ್ತದೆ. ಆಲ್ಡೊಸ್ಟೀರೋನ್ ಆಜ್ಞೆಯಂತೆ ಮೂತ್ರಪಿಂಡವು ಉಪ್ಪನ್ನು ಹಿಡಿದಿಡುತ್ತದೆ. ಉಪ್ಪು ಉಳಿದೆಡೆ ನೀರೂ ಉಳಿಯುತ್ತದೆ. ರಕ್ತದೊತ್ತಡ ಮತ್ತೆ ಸಮಸ್ಥಿತಿಗೆ ಬರುತ್ತದೆ.

ಉಪ್ಪು ಹೆಚ್ಚಾದಾಗ ರೆನಿನ್ ತಗ್ಗುತ್ತದೆ. ಹೃದಯದಿಂದ ಹೊರಡುವ ಬೇರೊಂದು ಹಾರ್ಮೋನು ಉಪ್ಪನ್ನು ಹೊರಹಾಕಲು ನೆರವಾಗುತ್ತದೆ. ಆದರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪುಮೀನುಗಳ ಮೂಲಕ ದಿನದಿನವೂ ಉಪ್ಪನ್ನು ಅತಿಯಾಗಿ ಸೇವಿಸುತ್ತಿದ್ದರೆ, ಹಲವರ ಶರೀರವು ಈ ಭಾರವನ್ನು ತಾಳಲಾರದೆ ರಕ್ತದೊತ್ತಡ ಏರಿಯೇ ನಿಲ್ಲುತ್ತದೆ. ಏರಿದ ಒತ್ತಡವು ಮೂತ್ರಪಿಂಡಗಳನ್ನೇ ಕೆಡಿಸುತ್ತದೆ. ಕೆಟ್ಟ ಮೂತ್ರಪಿಂಡಗಳು ಒತ್ತಡವನ್ನು ಮತ್ತಷ್ಟು ಏರಿಸುತ್ತವೆ. ಬಹುಮಟ್ಟಿಗೆ ನೋವಾಗಲಿ ಬೇರೆ ಲಕ್ಷಣವಾಗಲಿ ಇರುವುದಿಲ್ಲ. ಅಳತೆ ಮಾಡಿಸಿದರೆ ಮಾತ್ರ ತಿಳಿಯುತ್ತದೆ.

ಗರ್ಭಿಣಿಯ ವಿಷಯ

ಗರ್ಭಿಣಿಯ ಶರೀರದಲ್ಲಿ ಈ ಹಾರ್ಮೋನುಗಳು ಸಹಜವಾಗಿಯೇ ಹೆಚ್ಚುತ್ತವೆ. ಶಿಶುವಿನ ಪೋಷಣೆಗಾಗಿ ತಾಯಿಯ ರಕ್ತದ ಪ್ರಮಾಣವು ಶೇಕಡಾ 40 ರಿಂದ 50 ರಷ್ಟು ವೃದ್ಧಿಯಾಗಬೇಕಾಗುತ್ತದೆ. ಆದುದರಿಂದ ಕಾಲು ಊದಿತೆಂದು ಗರ್ಭಿಣಿಗೆ ಉಪ್ಪನ್ನು ಪೂರ್ತಿಯಾಗಿ ನಿಲ್ಲಿಸುವುದು ಸರಿಯಲ್ಲ. ಆದರೆ ಐದು ತಿಂಗಳು ತುಂಬಿದ ಬಳಿಕ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ನಂಜಿನ ಮುನ್ಸೂಚನೆಯಿರಬಹುದು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳ ಊತ, ಮೇಲುಹೊಟ್ಟೆಯ ನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ನಿರ್ಲಕ್ಷಿಸಿದರೆ ತಾಯಿಗೆ ಸೆಳವು ಬಂದು, ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯವಾಗಬಹುದು.

ಮಾತ್ರೆ ಸೇವಿಸುವ ಮುನ್ನ

ಮಾಲಾ-ಎನ್ ಮೊದಲಾದ ಗರ್ಭನಿರೋಧಕ ಮಾತ್ರೆಗಳಲ್ಲಿರುವ ಈಸ್ಟ್ರೊಜೆನ್, ಆಂಜಿಯೋಟೆನ್ಸಿನ್ ತಯಾರಿಕೆಗೆ ಬೇಕಾದ ಸಸಾರಜನಕವನ್ನು ಯಕೃತ್ತಿನಲ್ಲಿ ಹೆಚ್ಚಿಸುತ್ತದೆ. ಇದರಿಂದ ಕೆಲವು ಸ್ತ್ರೀಯರಲ್ಲಿ ರಕ್ತದೊತ್ತಡ ಏರಬಹುದು. ಆದ್ದರಿಂದ ಮಾತ್ರೆ ಆರಂಭಿಸುವ ಮೊದಲು ಮತ್ತು ಅನಂತರವೂ ಒತ್ತಡವನ್ನು ಅಳೆಯಿಸಿಕೊಳ್ಳಿರಿ. ಅದು ಹೆಚ್ಚಾಗಿದ್ದವರಿಗೆ ಕಾಪರ್-ಟಿ, ನಿರೋಧ್, ಪುರುಷ ಸಂತಾನಹರಣ ಶಸ್ತ್ರಚಿಕಿತ್ಸೆ ಮುಂತಾದ ಬೇರೆ ವಿಧಾನಗಳುಂಟು.

ರಕ್ತದೊತ್ತಡಕ್ಕೆ ಕೊಡುವ ಟೆಲ್ಮಿಸಾರ್ಟನ್, ಎನಲಾಪ್ರಿಲ್ ಮುಂತಾದ ಔಷಧಗಳು ಆಂಜಿಯೋಟೆನ್ಸಿನ್ ಕಾರ್ಯವನ್ನು ತಡೆಯುತ್ತವೆ. ಇವು ಗರ್ಭಸ್ಥ ಶಿಶುವಿನ ಮೂತ್ರಪಿಂಡಗಳಿಗೆ ಹಾನಿಕರ. ಇಂಥ ಮಾತ್ರೆ ಸೇವಿಸುವ ಸ್ತ್ರೀಯು ಮಗುವನ್ನು ಬಯಸಿದಾಗ ಮೊದಲೇ ವೈದ್ಯರಿಗೆ ತಿಳಿಸಬೇಕು. ತಾನಾಗಿಯೇ ಮಾತ್ರೆಯನ್ನು ನಿಲ್ಲಿಸಬಾರದು.

ನೆನಪಿನಲ್ಲಿಡಿ

1. ವಯಸ್ಕರಿಗೆ ದಿನಕ್ಕೆ ಉಪ್ಪು 5 ಗ್ರಾಂ ಮೀರದಿರಲಿ. ಎಂದರೆ ಒಂದು ಸಣ್ಣ ಚಮಚ. ಐವರು ವಯಸ್ಕರಿರುವ ಮನೆಗೆ ತಿಂಗಳಿಗೆ ಮುಕ್ಕಾಲು ಕಿಲೋ ಸಾಕು. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಇದರಲ್ಲಿ ಸೇರಿರಲಿ.

2. ಬಳಸುವ ಉಪ್ಪು ಅಯೋಡಿನ್‌ಯುಕ್ತವಾಗಿರಲಿ.

3. ವಾಂತಿಭೇದಿಯಾದಾಗ ಉಪ್ಪು ನೀರುಗಳ ನಷ್ಟವನ್ನು ತುಂಬಲು ಓ.ಆರ್.ಎಸ್. ದ್ರಾವಣವನ್ನು ಕುಡಿಸಿರಿ.

4. ಗರ್ಭಿಣಿಯ ಪ್ರತಿಯೊಂದು ತಪಾಸಣೆಯಲ್ಲಿಯೂ ರಕ್ತದೊತ್ತಡ ಮತ್ತು ಮೂತ್ರದ ಪರೀಕ್ಷೆ ಆಗಲೇಬೇಕು.

ಪತ್ನಿಯನ್ನು ತಪಾಸಣೆಗೆ ಕರೆತಂದ ಪತಿಯೂ ಅದೇ ದಿನ ತನ್ನ ತೋಳನ್ನು ಆರೋಗ್ಯ ಸಹಾಯಕಿಯ ಮುಂದೆ ಚಾಚಲಿ. ಅಳತೆಗೆ ಹಿಡಿಯುವ ಕಾಲ ಕೆಲವೇ ನಿಮಿಷಗಳು.