ಗುಳೆ ಹೋಗುವ ಊರುಗಳಲ್ಲಿ ಯುವಜನ ಶಿಬಿರ

ಆಂಧ್ರದ ಆದೋನಿ ಕಡೆಯ ಪೆದ್ದಕಡುಬೂರು ಸೀಮೆಯಲ್ಲಿ ಕ್ರೈಸ್ತ ಯುವಜನರ ಶಿಬಿರ ನಡೆಸಬೇಕೆನ್ನುವವರಿಗೆ ಗುಂಟೂರಿನ ಮೆಣಸಿನಕಾಯಿ ಯಾವಾಗ ಹಣ್ಣಾಗುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಈ ಊರುಗಳಷ್ಟೇ ಅಲ್ಲ, ಕೋಸಿಗಿ, ಕೌತಾಳಂ, ಮಂತ್ರಾಲಯದ ಸುತ್ತಲಿನ ಹಳ್ಳಿಗಳಿಂದಲೂ ದೀಪಾವಳಿ ಕಳೆಯುತ್ತಲೇ ಜನ ಗುಳೆ ಹೊರಡುತ್ತಾರೆ. ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಗುಂಟೂರಿನ ಕಡೆಗೆ. ಗಾರೆ ಕೆಲಸಕ್ಕೆ ಬೆಂಗಳೂರು, ಹೈದರಾಬಾದಿಗೆ. ಕ್ರಿಸ್‌ಮಸ್ ರಜೆಯಲ್ಲಿ ಶಿಬಿರ ಇಡೋಣ ಎಂದು ಬಳ್ಳಾರಿಯಲ್ಲಿ ಫ್ಯಾನಿನ ಕೆಳಗೆ ಕೂತು ಹೇಳುವುದು ಸುಲಭ. ಆಗ ಹಳ್ಳಿಗೆ ಹೋದರೆ ಸಿಗುವುದು ಮುದುಕರು, ಬೀಗ ಹಾಕಿದ ಮನೆಗಳು, ಸರ್ಕಾರದ ಸೀಸನಲ್ ಹಾಸ್ಟೆಲ್‌ನಲ್ಲಿ ಬಿಟ್ಟುಹೋದ ಚಿಕ್ಕ ಮಕ್ಕಳು. ಹದಿನೈದು ತುಂಬಿದವರು ಊರಲ್ಲಿ ಇರುವುದೇ ಇಲ್ಲ.

ಹಾಗಾಗಿ ಉಗಾದಿ ಮುಗಿದು, ಮುಂಗಾರು ಬಿತ್ತನೆ ಇನ್ನೂ ಶುರುವಾಗದ ಸಂದಿಯಲ್ಲೇ ಶಿಬಿರ ಆಗಬೇಕು. ಅಂದರೆ ಮೇ ತಿಂಗಳು, ನಲವತ್ತು ಡಿಗ್ರಿ ದಾಟುವ ಬಿಸಿಲು. ಸಿಮೆಂಟ್ ಶೀಟಿನ ಪ್ರಾರ್ಥನಾ ಮಂದಿರದಲ್ಲಿ ಹತ್ತು ಗಂಟೆಯ ಮೇಲೆ ಯಾರನ್ನೂ ಕೂರಿಸಬಾರದು. ಅಲ್ಲಿ ಶಿಬಿರ ನಡೆಸಿದಾಗ ನಾವು ಬೆಳಗ್ಗೆ ಆರಕ್ಕೇ ಬೇವಿನಮರದ ಕೆಳಗೆ ಶುರು ಮಾಡಿ, ಉಗ್ಗಾಣಿ ಮಿರ್ಚಿ ತಿನ್ನಿಸಿ ಮನೆಗೆ ಕಳಿಸಿ, ಸಂಜೆ ಐದರ ಮೇಲೆ ಮತ್ತೆ ಸೇರುತ್ತಿದ್ದೆವು. ನೀರು ತರಲು ಹೋಗಬೇಕಾದ ಹುಡುಗಿಯರು ತಡವಾಗಿ ಬಂದರೆ ಯಾಕೆ ತಡ ಎಂದು ಕೇಳುವ ಪದ್ಧತಿಯನ್ನೇ ಬಿಟ್ಟೆವು. ಮನೆಯ ನಾಲ್ಕು ಕೊಡ ತುಂಬದೆ ಅವರನ್ನು ಹೊರಡಲು ಬಿಡುವುದಿಲ್ಲ.

ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಗುವವರೆಗೂ ಬಳ್ಳಾರಿ ಜಿಲ್ಲೆಯವೇ. ಆದ್ದರಿಂದ ನಮ್ಮ ಕನ್ನಡ ಇಲ್ಲಿ ಯಾರಿಗೂ ಹೊಸದಲ್ಲ. ಆದರೆ 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಕಾಲದಿಂದ ಬೆಳೆದ ಕನ್ನಡ ಬೈಬಲನ್ನು ಕೈಗಿತ್ತರೆ ಎಷ್ಟೋ ಹುಡುಗರಿಗೆ ಓದಲು ಬಾರದು. ಶಾಲೆಯಲ್ಲಿ ಕಲಿತದ್ದು ತೆಲುಗು ಅಕ್ಷರ. ಹಾಡು ತೆಲುಗಿನಲ್ಲಿ, ಕಥೆ ಕನ್ನಡದಲ್ಲಿ, ಜಗಳ ಎರಡರಲ್ಲೂ ನಡೆಯುತ್ತಿತ್ತು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದದ್ದು ಪಾಠದ ವಿಷಯಕ್ಕೆ. ರಜಾ ಬೈಬಲ್ ಶಾಲೆ ಎಂಬುದು 1901ರಲ್ಲಿ ನ್ಯೂಯಾರ್ಕಿನ ಬಡ ಕೇರಿಗಳ ಮಕ್ಕಳಿಗಾಗಿ ರಾಬರ್ಟ್ ಬೋವಿಲ್ ಆರಂಭಿಸಿದ್ದು. ಈಗ ಅದಕ್ಕೆಂದೇ ಪ್ರತಿ ಬೇಸಿಗೆಗೂ ಹಡಗು, ಕಾಡು, ಬಾಹ್ಯಾಕಾಶ ಎಂದೆಲ್ಲ ಬಣ್ಣದ ಸಿದ್ಧ ಪುಸ್ತಕಗಳು ಬರುತ್ತವೆ. ಕಟ್ಟಡದ ಐದನೇ ಅಂತಸ್ತಿಗೆ ಇಟ್ಟಿಗೆ ಹೊತ್ತ ಹುಡುಗನಿಗೆ ರಟ್ಟಿನ ಹಡಗು ಮಾಡು ಎಂದರೆ ಅವನು ಮಾಡುತ್ತಾನೆ, ನಮ್ಮ ಮನಸ್ಸು ನೋಯದಿರಲಿ ಎಂದು.

ಒಂದು ಸಂಜೆ ಮತ್ತಾಯನ ಸುವಾರ್ತೆಯ ಇಪ್ಪತ್ತನೇ ಅಧ್ಯಾಯ ತೆಗೆದೆವು. ದ್ರಾಕ್ಷೆ ತೋಟದ ಯಜಮಾನ ಬೆಳಗ್ಗೆ ಬಂದವನಿಗೂ ಸಂಜೆ ಬಂದವನಿಗೂ ಒಂದೇ ಕೂಲಿ ಕೊಟ್ಟ ಸಾಮ್ಯ. ಪಟ್ಟಣದ ಸಭೆಗಳಲ್ಲಿ ಇದನ್ನು ಕೃಪೆಯ ಪಾಠವೆಂದು ಹೇಳಿದರೆ ಎಲ್ಲರೂ ತಲೆಯಾಡಿಸಿ ಮುಗಿಸುತ್ತಾರೆ. ಇಲ್ಲಿ ಗದ್ದಲವೇ ಎದ್ದಿತು. ಇವರು ತೂಕದ ಮೇಲೆ ಕೂಲಿ ತಗೊಂಡವರು. "ಹಂಗಾದ್ರೆ ನಾಳೆ ಯಾರ್ ಬೆಳಗ್ಗೆ ಬರ್ತಾರಣ್ಣಾ?" ಎಂದು ಒಬ್ಬ ಕೇಳಿದ. ಇನ್ನೊಬ್ಬ, ಆ ಯಜಮಾನನ ಮೇಸ್ತ್ರಿ ಮುಂಗಡ ಎಷ್ಟು ಮುರಕೊಂಡ ಅಂತ ಬರೆದಿಲ್ಲವಲ್ಲ ಎಂದ. ಕೂಲಿಗೆ ಕರೆಯುವವರಿಗಾಗಿ ಅಡ್ಡಾದಲ್ಲಿ ನಿಂತು ಅಭ್ಯಾಸವಿದ್ದವನು, ಸಂಜೆತನಕ ಯಾರೂ ಕರೆಯದೆ ನಿಲ್ಲುವುದು ಕೆಲಸಕ್ಕಿಂತ ಕಷ್ಟ ಎಂದು ವಾದಿಸಿದ. ಮೆಣಸಿನಕಾಯಿ ಕಿತ್ತು ಬೆರಳ ತುದಿಯ ಚರ್ಮ ಎದ್ದಿದ್ದ ಹುಡುಗಿಯೊಬ್ಬಳು ಅಷ್ಟುಹೊತ್ತು ಸುಮ್ಮನಿದ್ದು, "ಕಡೀಗೆ ಬಂದೋರಿಗೂ ಹೊಟ್ಟಿ ಇರ್ತೈತಲ್ಲಣ್ಣಾ" ಎಂದಳು. ನಾನು ಬರೆದುಕೊಂಡು ಹೋಗಿದ್ದ ಮೂರು ಪುಟದ ಟಿಪ್ಪಣಿ ಜೋಳಿಗೆಯಲ್ಲೇ ಉಳಿಯಿತು.

ಮರುದಿನದಿಂದ ಬೆಳಗಿನ ಒಂದು ಗಂಟೆ ಕೂಲಿ ಲೆಕ್ಕಕ್ಕೆ ಮೀಸಲಾಯಿತು. ದಿನದ ತೂಕ, ದರ, ಪಡೆದ ಮುಂಗಡ, ಉಳಿದ ಬಾಕಿ ಎಂದು ನಾಲ್ಕು ಕಲಂ ಎಳೆದ ನೋಟ್‌ಬುಕ್. ಇದು ಆತ್ಮೀಕ ಕೆಲಸವೇ ಎಂದು ಮೂಗು ಮುರಿದವರು ನಮ್ಮ ತಂಡದಲ್ಲೇ ಇದ್ದರು. ಸುಳ್ಳು ತಕ್ಕಡಿಯ ಬಗ್ಗೆ ಜ್ಞಾನೋಕ್ತಿಗಳು ಹೇಳುವುದನ್ನು ಓದಿದವರು ಹಾಗೆ ಕೇಳಬಾರದು ಎಂಬುದು ನನ್ನ ಅಭಿಪ್ರಾಯ.

ಹೆಸರು ಬರೆಸುವ ರಿಜಿಸ್ಟರ್ ವಿಷಯ ಬಹಳ ಸೂಕ್ಷ್ಮ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಮಾನ್ಯತೆ ಇಲ್ಲ. ಆಂಧ್ರದಲ್ಲಿ ಅವರನ್ನು ಹಿಂದುಳಿದ ವರ್ಗಗಳ ಬಿಸಿ-ಸಿ ಗುಂಪಿಗೆ ಸೇರಿಸಿದ್ದಾರೆ. ಹಾಗಾಗಿ ಭಾನುವಾರ ಸಭೆಗೆ ಬರುವ ಎಷ್ಟೋ ಮನೆಗಳಿಗೆ ಕಾಗದದ ಮೇಲೆ ಹೆಸರು ಎಂದರೆ ಭಯ. ನಮಗೆ ಬೇಕಾದದ್ದು ಊಟದ ತಟ್ಟೆಯ ಎಣಿಕೆ ಮತ್ತು ತಂದೆ ತಾಯಿಯ ಒಪ್ಪಿಗೆ. ಒಪ್ಪಿಗೆಯನ್ನು ಮನೆಗೇ ಹೋಗಿ ಕೇಳಬೇಕು, ಅದರಲ್ಲೂ ಬೇರೆ ಧರ್ಮದ ಮನೆಯ ಹುಡುಗರು ಸ್ನೇಹಿತರ ಜೊತೆ ಬಂದಾಗ. ಪೀರಲ ಹಬ್ಬಕ್ಕೆ ಎಲ್ಲ ಜಾತಿಯವರೂ ಸೇರುವ, ಶ್ರಾವಣದಲ್ಲಿ ಉರುಕುಂದ ಈರಣ್ಣನಿಗೆ ನಡೆದುಹೋಗುವ ಸೀಮೆ ಇದು. ಇಲ್ಲಿಯ ಮಕ್ಕಳು ಕುತೂಹಲದಿಂದ ಎಲ್ಲ ಕಡೆಗೂ ಹೋಗುತ್ತಾರೆ. ಆ ಕುತೂಹಲವನ್ನು ಲೆಕ್ಕಕ್ಕೆ ಹಿಡಿದು ಇಷ್ಟು ಆತ್ಮಗಳು ಎಂದು ವರದಿ ಬರೆಯುವುದು ಮೋಸ. ದಾನಿಗಳಿಗೆ ಕಳಿಸಲೆಂದು ಮಕ್ಕಳ ಮುಖದ ಫೋಟೊ ತೆಗೆಯುವುದೂ ಅಷ್ಟೇ ತಪ್ಪು.

ಈ ಬೇಸಿಗೆಗೆ ತಂಡ ಕಟ್ಟಿಕೊಂಡು ಹೊರಡುವವರಲ್ಲಿ ನನ್ನದೊಂದು ಕೋರಿಕೆ. ಟೀ ಶರ್ಟು, ಬ್ಯಾನರಿಗೆ ಎತ್ತಿಟ್ಟ ದುಡ್ಡನ್ನು ನೋಟ್‌ಬುಕ್ಕಿಗೂ ಅಡುಗೆ ಮಾಡುವ ಊರಿನ ಹೆಂಗಸರ ಕೂಲಿಗೂ ಹಾಕಿ. ತಂಡದಲ್ಲಿ ಲೆಕ್ಕ ಹೇಳಿಕೊಡಬಲ್ಲವರು ಒಬ್ಬರಾದರೂ ಇರಲಿ. ಸಾಧ್ಯವಾದರೆ ದೀಪಾವಳಿಗೆ ಮುಂಚೆ ಇನ್ನೊಮ್ಮೆ ಹೋಗಿ, ಯಾರು ಯಾವ ಮೇಸ್ತ್ರಿಯ ಜೊತೆ ಎಲ್ಲಿಗೆ ಹೊರಟಿದ್ದಾರೆಂದು ವಿಚಾರಿಸಿ, ನಿಮ್ಮ ಫೋನ್ ನಂಬರನ್ನು ಅವರ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಡಿ.