ಬಗ್ಗಡ ನೀರು: ಮೊದಲು ತಿಳಿಯಾಗಲಿ, ಆಮೇಲೆ ಶುದ್ಧವಾಗಲಿ

ಮೇ ತಿಂಗಳಲ್ಲಿ ಆಲೂಗೆಡ್ಡೆ ಬಿತ್ತನೆಗೆಂದು ಹಸನು ಮಾಡಿಟ್ಟ ಕೆಂಪು ನೆಲದ ಮೇಲೆ ಒಂದು ಜೋರು ಮಳೆ ಬಿದ್ದರೆ ಸಾಕು, ಕಟ್ಟಾಯ ಸುತ್ತಿನ ಹಳ್ಳಗಳ ಬಣ್ಣವೇ ಬದಲಾಗುತ್ತದೆ. ಕಟ್ಟೆ, ಕೆರೆ, ತೆರೆದ ಬಾವಿಗಳ ಸರದಿ ಆಮೇಲೆ. ಸಕಲೇಶಪುರದ ಕಡೆ ಮಳೆ ಹಿಡಿದರೆ ಹೇಮಾವತಿಯೂ ಕೆಂಪಾಗಿಯೇ ಬರುತ್ತಾಳೆ. ಗೊರೂರಿನ ಜಲಾಶಯ ಆ ಮಣ್ಣಿನ ದೊಡ್ಡ ಪಾಲನ್ನು ತನ್ನ ತಳದಲ್ಲೇ ಉಳಿಸಿಕೊಳ್ಳುತ್ತದೆ. ಹಳ್ಳ, ಕಟ್ಟೆ, ಬಾವಿಯ ನೀರನ್ನೇ ನೆಚ್ಚಿಕೊಂಡವರಿಗೆ ಆ ಅನುಕೂಲವಿಲ್ಲ. ಬಗ್ಗಡವನ್ನು ಮನೆಯಲ್ಲೇ ಇಳಿಸಿಕೊಳ್ಳಬೇಕು.

ಬಹಳ ಮನೆಗಳಲ್ಲಿ ಬಗ್ಗಡ ನೀರನ್ನು ನೇರವಾಗಿ ಒಲೆಗೇರಿಸುತ್ತಾರೆ, ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ ಸುಮ್ಮನಾಗುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಮಣ್ಣು ಅಲ್ಲೇ ಇರುತ್ತದೆ. ಕ್ಲೋರಿನ್ ವಿಷಯ ಇನ್ನೂ ಕಷ್ಟದ್ದು: ಮಣ್ಣಿನ ಜೊತೆ ಬಂದ ಕೊಳೆತ ಎಲೆ, ಸಗಣಿಯ ಅಂಶಗಳೇ ಅದನ್ನು ತಿಂದು ಮುಗಿಸುತ್ತವೆ, ಕಣಗಳ ಮರೆಯಲ್ಲಿರುವ ಕ್ರಿಮಿಗಳು ಉಳಿದುಕೊಳ್ಳುತ್ತವೆ.

ಯಾವ ಬಗ್ಗಡ ಎಂದು ನೋಡಿ

ಒಂದು ಗಾಜಿನ ಲೋಟದಲ್ಲಿ ನೀರು ಹಿಡಿದು ಬೆಳಕಿಗೆ ಇಡಿ. ಹಾಲಿನ ಬಣ್ಣದ ನೀರು ಒಂದೆರಡು ನಿಮಿಷದಲ್ಲಿ ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಬರೀ ಗಾಳಿಗುಳ್ಳೆ. ಕೊಳವೆಬಾವಿಯಿಂದ ಬರುವಾಗ ತಿಳಿಯಾಗಿದ್ದು, ಬಿಂದಿಗೆಯಲ್ಲಿ ಕೆಲವು ಗಂಟೆ ಕಳೆದ ಮೇಲೆ ಕಂದು ತಿರುಗಿದರೆ ಕಬ್ಬಿಣದಂಶ ಎಂದು ಶಂಕಿಸಿ. ಆ ನೀರನ್ನು ಎತ್ತರದಿಂದ ಪಾತ್ರೆಯಿಂದ ಪಾತ್ರೆಗೆ ಸುರಿದು, ರಾತ್ರಿಯಿಡೀ ಬಿಟ್ಟು, ಮೇಲಿನ ನೀರನ್ನು ಬಸಿದು ಸೋಸಿಕೊಳ್ಳಬೇಕು. ಚರಂಡಿ ವಾಸನೆ ಬಂದರೆ ಯಾವ ಉಪಾಯವನ್ನೂ ಮಾಡಬೇಡಿ. ಪೈಪು ಎಲ್ಲೋ ಒಡೆದು ಕೊಳಚೆ ಸೇರಿರಬಹುದು. ನೀರುಗಂಟಿಗೆ, ಪಿಡಿಒಗೆ ಕೂಡಲೇ ತಿಳಿಸಿ, ಅಲ್ಲಿಯವರೆಗೆ ನೀರು ಬೇರೆ ಕಡೆಯಿಂದ ತನ್ನಿ.

ಹೊಲದ ಬದುವಿನ ನೀರು, ಕೃಷಿ ಹೊಂಡದ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಲು ಬೇಡ. ಶುಂಠಿ, ಆಲೂಗೆಡ್ಡೆಗೆ ಹೊಡೆದ ಔಷಧಿ ಕುದಿಸಿದರೂ ಹೋಗುತ್ತದೆಂದು ನಂಬುವಂತಿಲ್ಲ.

ಉಳಿದದ್ದು ಮಣ್ಣಿನ ಬಗ್ಗಡ. ಅದು ಎಷ್ಟಿದೆ ಎಂದು ತಿಳಿಯಲು ಈ ಪತ್ರಿಕೆಯೇ ಸಾಕು. ನೀರು ತುಂಬಿದ ಪಾರದರ್ಶಕ ಬಾಟಲಿಯನ್ನು ದಪ್ಪ ಅಕ್ಷರದ ತಲೆಬರಹದ ಮೇಲೆ ನಿಲ್ಲಿಸಿ, ಬಾಯಿಯ ಕಡೆಯಿಂದ ಕೆಳಗೆ ನೋಡಿ. ಅಕ್ಷರ ಓದಲು ಬಂದರೆ ಬಗ್ಗಡ, ಅದನ್ನು ಅಳೆಯುವ ಮಾನದಲ್ಲಿ, ಸುಮಾರು 30 ಎನ್‌ಟಿಯು ಒಳಗಿದೆ ಎಂದು ಅಂದಾಜು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ 2012ರ ಮಾನದಂಡದಲ್ಲಿ ಇಟ್ಟಿರುವ ಮಿತಿ 1. ಬೇರೆ ಮೂಲವೇ ಇಲ್ಲದಿದ್ದರೆ 5. ಹಾಗಾಗಿ ಅಕ್ಷರ ಕಂಡಿತೆಂದು ಕೆಲಸ ಮುಗಿಯಲಿಲ್ಲ.

ಪಟಿಕದ ಅಳತೆ

ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಪಟಿಕವೂ ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಕಲ್ಲೂ ಒಂದೇ. ಜೇಡಿಯ ಅತಿ ಸಣ್ಣ ಕಣಗಳು ಋಣ ವಿದ್ಯುದಂಶದಿಂದ ಒಂದನ್ನೊಂದು ದೂರ ತಳ್ಳುತ್ತಿರುತ್ತವೆ, ಹಾಗಾಗಿಯೇ ದಿನಗಟ್ಟಲೆ ಬಿಟ್ಟರೂ ತಳ ಸೇರುವುದಿಲ್ಲ. ಪಟಿಕದಲ್ಲಿರುವ ಅಲ್ಯುಮಿನಿಯಂ ಆ ಅಂಶವನ್ನು ತಣಿಸಿ ಕಣಗಳನ್ನು ಒಟ್ಟುಗೂಡಿಸುತ್ತದೆ.

ಕಲ್ಲನ್ನು ಕೈಯಲ್ಲಿ ಹಿಡಿದು ಬಿಂದಿಗೆಯೊಳಗೆ ತಿರುಗಿಸುವುದು ಹಳೆಯ ರೂಢಿ. ನನಗದು ಒಪ್ಪಿಗೆಯಿಲ್ಲ. ಎಷ್ಟು ಕರಗಿತೆಂದು ಗೊತ್ತಾಗುವುದಿಲ್ಲ, ಕೈಯ ಕೊಳೆಯೂ ನೀರಿಗಿಳಿಯುತ್ತದೆ. ಅದರ ಬದಲು 10 ಗ್ರಾಂ ಪಟಿಕದ ಪುಡಿಯನ್ನು ಒಂದು ಲೀಟರ್ ತಿಳಿ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಟ್ಟುಕೊಳ್ಳಿ. ಇದರ ಪ್ರತಿ ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಪಟಿಕ ಇರುತ್ತದೆ.

ಈಗ ಒಂದೊಂದು ಲೀಟರಿನ ಮೂರು ಬಾಟಲಿಗೆ ಬಗ್ಗಡ ನೀರು ತುಂಬಿ. ಸೂಜಿ ತೆಗೆದ ಹೊಸ ಸಿರಿಂಜಿನಿಂದ ಒಂದಕ್ಕೆ 3, ಇನ್ನೊಂದಕ್ಕೆ 5, ಮತ್ತೊಂದಕ್ಕೆ 8 ಮಿಲಿಲೀಟರ್ ದ್ರಾವಣ ಹಾಕಿ. ಒಂದು ನಿಮಿಷ ಜೋರಾಗಿ ಕುಲುಕಿ, ಆಮೇಲೆ ಐದಾರು ನಿಮಿಷ ಮೆಲ್ಲಗೆ ಹೊರಳಿಸಿ, ಅಲ್ಲಾಡದಂತೆ ಇಡಿ. ಹಿಂಜಿದ ಹತ್ತಿಯಂಥ ಚೂರುಗಳು ಕಟ್ಟಿಕೊಂಡು ಕೆಳಗಿಳಿಯುತ್ತವೆ. ಒಂದು ಗಂಟೆಯ ನಂತರ ನೋಡಿ, ತಿಳಿಯಾದ ಬಾಟಲಿಗಳಲ್ಲಿ ಎಲ್ಲಕ್ಕಿಂತ ಕಡಿಮೆ ಹಾಕಿದ್ದು ಯಾವುದೋ ಅದೇ ಆವತ್ತಿನ ಅಳತೆ. 5 ಮಿಲಿಲೀಟರ್ ಸಾಕೆಂದಾದರೆ 20 ಲೀಟರಿನ ಪಾತ್ರೆಗೆ 100 ಮಿಲಿಲೀಟರ್ ಬೇಕು. ಹೆಚ್ಚು ಹಾಕಿದರೆ ನೀರು ಒಗರಾಗುತ್ತದೆ. ಮಳೆ ಬಿದ್ದ ದಿನದ ಅಳತೆ ನಾಲ್ಕು ದಿನದ ನಂತರದ ನೀರಿಗೆ ಹೊಂದುವುದಿಲ್ಲ, ಮತ್ತೆ ನೋಡಿಕೊಳ್ಳಬೇಕು.

ದೊಡ್ಡ ಪಾತ್ರೆಯಲ್ಲೂ ಕ್ರಮ ಅದೇ: ಮೊದಲು ಜೋರಾಗಿ ತಿರುವಿ, ಆಮೇಲೆ ನಿಧಾನ. ಒಂದೇ ಸಮ ಜೋರಾಗಿ ತಿರುವಿದರೆ ಕಟ್ಟಿಕೊಂಡ ಚೂರು ಒಡೆದುಹೋಗುತ್ತದೆ. ತಿಳಿಯಾದ ಮೇಲೆ ಪಾತ್ರೆಯನ್ನು ಬಗ್ಗಿಸಬೇಡಿ. ತಳದಿಂದ ಎರಡು ಬೆರಳಷ್ಟು ಮೇಲೆ ನಲ್ಲಿ ಕೂರಿಸಿದ ಡ್ರಮ್ಮಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಚೊಂಬಿನಿಂದ ಮೇಲಿನ ನೀರನ್ನು ಮೆಲ್ಲಗೆ ತೋಡಿಕೊಳ್ಳಿ.

ನುಗ್ಗೆ ಬೀಜ, ಚಿಲ್ಲದ ಬೀಜ

ಪಟಿಕ ಇಲ್ಲದಿದ್ದರೆ ಹಿತ್ತಲಿನ ನುಗ್ಗೆಯೇ ಸಾಕು. ಗಿಡದಲ್ಲೇ ಒಣಗಿದ ಕಾಯಿಯ ಬೀಜ ತೆಗೆದು, ಸಿಪ್ಪೆ ಬಿಡಿಸಿ, ಬಿಳಿ ತಿರುಳನ್ನು ನುಣ್ಣಗೆ ಕುಟ್ಟಿ. ತೀರಾ ಬಗ್ಗಡವಿದ್ದರೆ ಲೀಟರಿಗೆ ಸುಮಾರು ಒಂದು ಬೀಜ. ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಆ ರಸವನ್ನು ಬೆರೆಸಿ. ಬೀಜದ ಪ್ರೋಟೀನು ಪಟಿಕದ ಕೆಲಸವನ್ನೇ ಮಾಡುತ್ತದೆ. ಸೂಡಾನಿನ ಹೆಂಗಸರು ನೈಲ್ ನದಿಯ ನೀರಿಗೆ ಇದನ್ನೇ ಬಳಸುತ್ತಿದ್ದರು. ಒಂದು ತೊಂದರೆಯಿದೆ: ಬೀಜದ ಸತ್ವ ನೀರಿನಲ್ಲೇ ಉಳಿಯುವುದರಿಂದ ಒಂದು ದಿನಕ್ಕಿಂತ ಹೆಚ್ಚು ಇಡಬಾರದು, ಕೆಡುತ್ತದೆ.

ಮನುಸ್ಮೃತಿಯಲ್ಲೂ ಹೆಸರು ಬರುವ ಕತಕ, ಅಂದರೆ ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯುವ ಪದ್ಧತಿ ಇನ್ನೂ ಹಳೆಯದು. ಆದರೆ ವಿಷದ ಕಾಸರಕ ಇದರ ದಾಯಾದಿ. ಬೀಜದ ಗುರುತು ಖಚಿತವಾಗಿ ಗೊತ್ತಿಲ್ಲದವರು ಇದರ ಗೋಜಿಗೆ ಹೋಗಬೇಡಿ.

ಬಟ್ಟೆಯಲ್ಲಿ ಸೋಸುವುದು ಕೊನೆಯ ಕಸರಿಗೆ ಒಳ್ಳೆಯದು. ಒಗೆದೊಗೆದು ಮೆತ್ತಗಾದ ಹತ್ತಿ ಸೀರೆ ಹೊಸದಕ್ಕಿಂತ ಮೇಲು. ಬಾಂಗ್ಲಾದೇಶದಲ್ಲಿ ಹಳೆ ಸೀರೆಯನ್ನು ಮಡಿಕೆ ಮಾಡಿ ಸೋಸಿದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧಕ್ಕಿಳಿಯಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕಾಲರಾ ಕ್ರಿಮಿ ಕೆರೆಯ ಸೂಕ್ಷ್ಮ ಜೀವಿಗಳಿಗೆ ಅಂಟಿಕೊಂಡಿರುತ್ತದೆ, ಅವು ಬಟ್ಟೆಗೆ ಸಿಕ್ಕಿಬೀಳುತ್ತವೆ. ಜೇಡಿ ಸಿಗುವುದಿಲ್ಲ.

ಈಗ ಕ್ರಿಮಿಯ ಕೆಲಸ

ತಿಳಿಯಾದ ನೀರನ್ನು ಕೊತಕೊತ ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ. ಮಾತ್ರೆಯಾದರೆ ಪಟ್ಟಿಯ ಮೇಲಿನ ಅಳತೆ ನೋಡಿ ಹಾಕಿ, ಅರ್ಧ ಗಂಟೆ ಕಾಯಿರಿ. ಫಿಲ್ಟರ್ ಇರುವ ಮನೆಯವರೂ ಬಗ್ಗಡವನ್ನು ನೇರ ಹಾಕಬೇಡಿ, ಕ್ಯಾಂಡಲ್ಲು, ಆರ್‌ಒ ಪೊರೆ ಬೇಗ ಕಟ್ಟಿಕೊಳ್ಳುತ್ತವೆ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವವರು ಬಗ್ಗಡ ಇಳಿಯುವವರೆಗೆ ತಡೆಯಿರಿ. 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರ್ ಸಾಮಾನ್ಯ ಲೆಕ್ಕ. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್; ಪೌಡರ್ 24 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕಲಸಿ, ನೀರು ತುಂಬಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಾವಿಗಿಳಿಸಿ ಅಲ್ಲಾಡಿಸಿ. ತಳದ ಸುಣ್ಣ ಬಾವಿಗೆ ಬಿದ್ದರೆ ನೀರು ಗಡುಸಾಗುತ್ತದೆ. ರಾತ್ರಿ ಎಲ್ಲರೂ ನೀರು ಸೇದಿದ ಮೇಲೆ ಹಾಕುವುದು ಅನುಕೂಲ. ಏನಿಲ್ಲವೆಂದರೂ ಒಂದು ಗಂಟೆ ಯಾರೂ ನೀರು ಮುಟ್ಟಬಾರದು. ಪೌಡರ್ ಡಬ್ಬ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಹಾಗಾಗಿ ಗಬ್ಬು ವಾಸನೆ ಬಾರದ ಹಳೆಯ ಪುಡಿಯನ್ನು ನಂಬಬೇಡಿ.