ಬಿಚ್ಚಲೆಂದೇ ಕಟ್ಟುವ ನಾಯಿಗಳು

ಕಾಫಿ ತೋಟದಲ್ಲಿ ಗುಜರಿಗೆ ಬರವಿಲ್ಲ. ಹರಿದ ಗೋಣಿ, ತೂತುಬಿದ್ದ ಗಮ್ ಬೂಟು, ಕೆಟ್ಟುಹೋದ ಸ್ಪ್ರೇಯರ್, ಬೇಲಿಯಿಂದ ಕಿತ್ತ ತುಕ್ಕು ತಂತಿ, ಬೈಕಿನ ಕ್ಲಚ್ ಕೇಬಲ್, ಜೀಪಿನ ಸವೆದ ಟಯರು, ಹಳೇ ಗಿಡ ಕಿತ್ತಾಗ ಬಂದ ಬುಡ. ಯಾವ ತೋಟದ ಶೆಡ್ಡಿನ ಹಿಂದೆ ಹೋದರೂ ಇವು ಬಿದ್ದಿರುತ್ತವೆ. ಮೂಡಿಗೆರೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಹೇಳಿಕೊಡುವ ನಾನು, ಕೆಲವು ವರ್ಷಗಳಿಂದ ಮಕ್ಕಳ ಜೊತೆ ಸೇರಿ ಈ ಸಾಮಾನಿನಿಂದ ನಾಯಿಗಳನ್ನು ಕಟ್ಟುತ್ತಿದ್ದೇನೆ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಅವು ರಸ್ತೆಯ ತಿರುವಿನಲ್ಲಿ, ಬಸ್ ಸ್ಟಾಪಿನ ಪಕ್ಕದಲ್ಲಿ, ಹಾಲಿನ ಡೈರಿಯ ಮುಂದೆ ಬಂದು ನಿಲ್ಲುತ್ತವೆ. ಮುಂಗಾರು ಹಿಡಿಯುವ ಮುಂಚೆ ಬಿಚ್ಚಿಬಿಡುತ್ತೇವೆ.

ನಾಯಿಯೇ ಯಾಕೆ ಎಂದು ಹೊರಗಿನವರು ಕೇಳುತ್ತಾರೆ, ಊರವರು ಕೇಳಿದ್ದಿಲ್ಲ. ಇಲ್ಲಿ ಕುರ್ಕನ, ಅಂದರೆ ಚಿರತೆಯ, ಬಾಯಿಗೆ ನಾಯಿ ಕಳೆದುಕೊಳ್ಳದ ಮನೆ ಹುಡುಕುವುದು ಕಷ್ಟ. ರಾತ್ರಿ ಅಂಗಳದಲ್ಲಿ ಒಂದೇ ಒಂದು ಸಲ ಕುಂಯ್ ಎಂದ ಸದ್ದು, ಬೆಳಿಗ್ಗೆ ನೋಡಿದರೆ ಸರಪಳಿ ಮಾತ್ರ. ಚಿರತೆ ಬರೀ ಕಾಡಿನ ಬೇಟೆ ನಂಬಿ ಬದುಕುವ ಪ್ರಾಣಿಯಲ್ಲ. ಮಹಾರಾಷ್ಟ್ರದ ಅಕೋಲೆ ಸುತ್ತಿನ ಕಬ್ಬಿನ ಗದ್ದೆಗಳಲ್ಲಿ ಅದರ ಹಿಕ್ಕೆ ಪರೀಕ್ಷಿಸಿದ ಸಂಶೋಧಕರಿಗೂ ಅದರ ಊಟದಲ್ಲಿ ದೊಡ್ಡ ಪಾಲು ಸಾಕುನಾಯಿಯದೇ ಎಂದು ಕಂಡುಬಂತು. ಹಾಗಾಗಿ ನಮ್ಮ ಕಡೆ ನಾಯಿ ಬಹಳ ವರ್ಷ ಬಾಳುವುದಿಲ್ಲ, ಆದರೆ ಅದರ ಹೆಸರು ಮನೆಯಲ್ಲಿ ಬಹಳ ಕಾಲ ಉಳಿಯುತ್ತದೆ. ಪುಸ್ತಕದ ನಾಯಿಯ ಹೆಸರೂ ಹಾಗೆಯೇ. ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಬಂದದ್ದು 1980ರಲ್ಲಿ. ಅದರಲ್ಲಿ ಬರುವ ಕಿವಿ ಎಂಬ ನಾಯಿಯನ್ನು, ಪುಸ್ತಕ ಓದದ ಮೂಡಿಗೆರೆಯವರೂ ಪರಿಚಯದ ನಾಯಿಯಂತೆ ಮಾತಾಡಿಸುತ್ತಾರೆ. ನಾವು ಮೊದಲ ನಾಯಿಯನ್ನು ನಿಲ್ಲಿಸಿದಾಗ ಹೆಸರಿನ ಪ್ರಶ್ನೆ ಬರಲೇ ಇಲ್ಲ. ದಾರಿಯಲ್ಲಿ ಹೋಗುವವರು ಅವರವರ ಮನೆಯಲ್ಲಿ ಹೋದ ನಾಯಿಯ ಹೆಸರಿನಿಂದ ಅದನ್ನು ಕರೆದರು. ಟಾಮಿ, ಕರಿಯ, ರಾಜು, ಬೆಳ್ಳಿ. ಒಬ್ಬ ಅಜ್ಜಿ ಹಳೆಯ ಚರ್ಮದ ಪಟ್ಟಿಯೊಂದನ್ನು ತಂದು ಕುತ್ತಿಗೆಗೆ ಕಟ್ಟಿ ಹೋದರು. ಬಿಚ್ಚುವ ದಿನ ಅದನ್ನು ಅವರ ಕೈಗೇ ವಾಪಸು ಕೊಟ್ಟೆವು.

ಕೆಲಸದ ಬಗ್ಗೆ ಕಲಿತದ್ದನ್ನು ಹೇಳಬೇಕೆಂದರೆ ಕಾಫಿ ಬುಡದಿಂದಲೇ ಶುರುಮಾಡಬೇಕು. ಕಾಫಿ ಗಿಡದ ಕಾಂಡ ಗಂಟುಗಂಟಾಗಿ, ತಿರುಚಿಕೊಂಡು, ಗಟ್ಟಿಯಾಗಿರುತ್ತದೆ. ಕವಲೊಡೆಯುವ ಜಾಗದಲ್ಲಿ ನಾಯಿಯ ಭುಜ, ತೊಡೆ, ಮಂಡಿ ತಾವಾಗಿಯೇ ಕಾಣುತ್ತವೆ. ಚಿಕ್ಕಮಗಳೂರಿನಲ್ಲಿ ಇದೇ ಮರದಿಂದ ಟೀಪಾಯಿ, ದೀಪದ ಕಂಬ ಮಾಡಿ ಮಾರುತ್ತಾರೆ. ಮಕ್ಕಳು ತೋಟದಿಂದ ಒಂದು ಹೊರೆ ಅರೇಬಿಕಾ ಬುಡ ಎಳೆದುಕೊಂಡು ಬಂದಿದ್ದರು. ಶಾಲೆಯ ಕಾಂಪೌಂಡ್ ದಾಟಿ ಹೋಗುತ್ತಿದ್ದ ಹಿರಿಯ ಮೇಸ್ತ್ರಿಯೊಬ್ಬರು ನಿಂತು, ಒಂದು ಬುಡ ಎತ್ತಿ, ತೊಗಟೆಯ ಉಬ್ಬು ಗೆರೆಯನ್ನು ಉಗುರಿನಿಂದ ಸವರಿ ನೋಡಿದರು. “ಮೇಷ್ಟ್ರೇ, ಇದು ಬೋರರ್ ಹೊಡೆದಿದ್ದು. ಇದನ್ನ ರಸ್ತೆ ಬದಿ ನಿಲ್ಸಿದ್ರೆ ಏಪ್ರಿಲ್ ಹೊತ್ತಿಗೆ ಹುಳ ಎಲ್ಲಾ ಹೊರಗೆ ಬರ್ತವೆ. ಊರಿಗೆಲ್ಲ ಹಂಚ್ದಂಗೆ ಆಯ್ತದೆ” ಎಂದರು.

ಅವರ ಮಾತಿನಲ್ಲಿ ಒಂದಿಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಅವರು ಬೋರರ್ ಎಂದ ಬಿಳಿ ಕಾಂಡಕೊರಕ ಅರೇಬಿಕಾ ಬೆಳೆಗಾರನ ದೊಡ್ಡ ಶತ್ರು. ದುಂಬಿ ಕಾಂಡದ ತೊಗಟೆಯ ಸೀಳುಗಳಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳ ಒಳಗೆ ಕೊರೆದುಕೊಂಡು ತಿಂಗಳುಗಟ್ಟಲೆ ಕಾಂಡದೊಳಗೇ ಬೆಳೆಯುತ್ತದೆ. ದುಂಬಿಯಾಗಿ ಹೊರಗೆ ಹಾರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್‌–ಮೇಯಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಅದಕ್ಕೇ ಹಾರಾಟ ಶುರುವಾಗುವ ಮೊದಲೇ ಹುಳ ಬಿದ್ದ ಗಿಡ ಗುರುತಿಸಿ, ಕಿತ್ತು, ಸುಡಬೇಕು. ಸುಡುವುದು ಬೇಡವೆಂದರೆ ವಾರ ಹತ್ತು ದಿನ ನೀರಿನಲ್ಲಿ ಪೂರ್ತಿ ಮುಳುಗಿಸಿಡಬೇಕು, ಆಗ ಒಳಗಿನ ಹುಳ ಸಾಯುತ್ತದೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ, ಇದು ಅಲ್ಲಿಂದ ಬೆಳೆಗಾರರಿಗೆ ಬಂದ ಪಾಠ. ನಮ್ಮ ನಾಯಿಗಳು ರಸ್ತೆಯಲ್ಲಿ ನಿಲ್ಲುವ ಕಾಲವೂ, ದುಂಬಿ ಹಾರುವ ಕಾಲವೂ ಒಂದೇ. ಹಾಗಾಗಿ ಆ ಹೊರೆ ಅಂದೇ ಒಲೆಗೆ ಹೋಯಿತು. ಅಂದಿನಿಂದ ರೊಬಸ್ಟಾ ಬುಡ ಸಿಕ್ಕರೆ ಅದನ್ನೇ ತೆಗೆದುಕೊಳ್ಳುತ್ತೇವೆ, ಈ ಹುಳದ ಕಾಟ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಅರೇಬಿಕಾ ಬೇಕೇ ಬೇಕೆಂದರೆ ತೋಟದ ತೊಟ್ಟಿಯಲ್ಲಿ ಕಲ್ಲು ಹೇರಿ ಮುಳುಗಿಸಿ, ತೊಗಟೆ ಪೂರ್ತಿ ಹೆರೆದು, ಆಮೇಲೆ ಮುಟ್ಟುತ್ತೇವೆ. ಕಸದಿಂದ ಕಲೆ ಎನ್ನುವವರೆಲ್ಲ ಮೊದಲು ತಿಳಿಯಬೇಕಾದದ್ದು, ಆ ಕಸ ಯಾಕೆ ಕಸವಾಯಿತು ಎಂಬುದನ್ನು. ಇದನ್ನು ನನಗೆ ಯಾವ ಕಲಾಶಾಲೆಯೂ ಹೇಳಿಕೊಟ್ಟಿರಲಿಲ್ಲ.

ಅದೇ ಕಾರಣಕ್ಕೆ ಔಷಧಿ ಡಬ್ಬಗಳನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ಕಳೆನಾಶಕ, ಕೀಟನಾಶಕದ ಬಾಟಲಿಗಳ ಬಣ್ಣ ಎಷ್ಟೇ ಚೆಂದವಿರಲಿ, ನಾಯಿಯ ಹೊಟ್ಟೆಗೆ ಎಷ್ಟೇ ಹೊಂದಲಿ, ಅವು ಬೇಡ. ರಸಗೊಬ್ಬರದ ಪ್ಲಾಸ್ಟಿಕ್ ಚೀಲಗಳೂ ಬೇಡ. ಅವು ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗಿ ಎಳೆ ಬಿಡುತ್ತವೆ. ಮೊದಲ ಮಳೆಗೆ ಆ ಎಳೆಗಳು ಹಳ್ಳ ಸೇರುತ್ತವೆ. ಹೇಮಾವತಿ ಹುಟ್ಟುವುದು ನಮ್ಮ ತಾಲ್ಲೂಕಿನ ಜಾವಳಿಯಲ್ಲಿ. ಇಲ್ಲಿನ ಹಳ್ಳಕ್ಕೆ ಬಿದ್ದದ್ದು ಎಲ್ಲಿಯವರೆಗೆ ಹೋಗುತ್ತದೆ ಎಂದು ಮಕ್ಕಳಿಗೆ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದರೆ ಸಾಕು, ಮತ್ತೆ ಹೇಳಬೇಕಾಗಿಲ್ಲ. ಮೈಗೆ ಸೆಣಬಿನ ಗೋಣಿ, ಒಳಗೆ ಕಾಫಿ ಹೊಟ್ಟು. ಬಣ್ಣಕ್ಕೆ ಕೆಮ್ಮಣ್ಣು, ಸುಣ್ಣ, ಮಸಿ. ಕಿವಿಗೆ ಮಾತ್ರ ಗಮ್ ಬೂಟು. ಇಂಬಳ ಕಚ್ಚದಿರಲೆಂದು ಮಳೆಗಾಲವೆಲ್ಲ ಹಾಕಿಕೊಂಡು ಸವೆಸಿದ ಬೂಟಿನ ಮೇಲ್ಭಾಗ ಕತ್ತರಿಸಿದರೆ ಅರ್ಧ ಮಡಿಚಿದ ನಾಯಿಯ ಕಿವಿಯೇ. ಗಾಳಿಗೆ ಸ್ವಲ್ಪ ಅಲ್ಲಾಡುತ್ತದೆ ಕೂಡ.

ಇನ್ನು ನಾಯಿ ನಾಯಿಯಂತೆ ಕಾಣುವ ಮಾತು. ಮಕ್ಕಳಿಗೆ ನಾಯಿ ಬಿಡಿಸಿ ಎಂದರೆ ಟಿವಿ ಜಾಹೀರಾತಿನ ಲ್ಯಾಬ್ರಡಾರ್ ಬಿಡಿಸುತ್ತಾರೆ. ದಿನಾ ಕಾಲಿಗೆ ಅಡ್ಡ ಬರುವ ಕೂಲಿ ಲೈನಿನ ನಾಯಿ ಕಾಗದದ ಮೇಲೆ ಬರುವುದೇ ಇಲ್ಲ. ಅವರನ್ನು ಒಂದಿಡೀ ಮಧ್ಯಾಹ್ನ ಕಣದ ಪಕ್ಕ ಕೂರಿಸಿದೆ. ಕಾಫಿ ಹರವಿದ ಕಣದ ಬಿಸಿ ಸಿಮೆಂಟಿನ ಮೇಲೆ ನಾಯಿಗಳು ಮಲಗುವ ಬಗೆ, ಎದ್ದು ಮೈಮುರಿಯುವಾಗ ಎದೆ ನೆಲಕ್ಕೆ ತಾಗುವ ಬಗೆ, ಅಪರಿಚಿತ ಜೀಪಿನ ಸದ್ದಿಗೆ ತಲೆ ಎತ್ತುವ ಮೊದಲೇ ಕಿವಿ ತಿರುಗುವ ಬಗೆ, ಇವನ್ನು ನೋಡಿಸಿದೆ. ನಮ್ಮ ನಾಯಿಯ ಎದೆ ಆಳ, ಹೊಟ್ಟೆ ಮೇಲಕ್ಕೆ ಸೆಳೆದುಕೊಂಡಿರುತ್ತದೆ, ಬಾಲ ಬೆನ್ನಿನ ಮೇಲೆ ಸುತ್ತಿಕೊಳ್ಳುತ್ತದೆ. ಹಳೇಬೀಡಿಗೆ ಪ್ರವಾಸ ಹೋದಾಗ ಭೈರವನ ವಿಗ್ರಹದ ಬಳಿ ಹೆಚ್ಚು ಹೊತ್ತು ನಿಲ್ಲಿಸಿದೆ. ಅವನ ಕೈಯಲ್ಲಿ ತೂಗುವ ರುಂಡದಿಂದ ತೊಟ್ಟಿಕ್ಕುವ ನೆತ್ತರಿಗೆ ಕತ್ತೆತ್ತಿದ ನಾಯಿಯನ್ನು ಹೊಯ್ಸಳ ಶಿಲ್ಪಿ ಕಡೆದಿದ್ದಾನಲ್ಲ, ಅದರ ಕುತ್ತಿಗೆಯ ಸೆಳೆತ ನೋಡಿ. ಅವನೂ ಯಾವುದೋ ಬೀದಿನಾಯಿಯನ್ನು ಕಣ್ಣುನೆಟ್ಟು ನೋಡಿದ್ದಾನೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅಲ್ಲೇ ನೆಲದ ಮೇಲೆ ಕೂತು ಬಿಡಿಸಿದ ಗೆರೆ ನಮ್ಮ ಮುಂದಿನ ನಾಯಿಯ ಕುತ್ತಿಗೆಯಾಯಿತು.

ಆದರೂ ಕೊನೆಯ ತಿದ್ದುಪಡಿ ಬಂದದ್ದು ತೋಟದ ಕೆಲಸಕ್ಕೆ ಹೋಗುವ ಹೆಂಗಸರಿಂದ. ಕೂತ ನಾಯಿಯೊಂದನ್ನು ಬಸ್ ಸ್ಟಾಪಿನಲ್ಲಿ ಇಟ್ಟಿದ್ದೆವು. “ನಾಯಿ ಹಿಂಗೆ ಎರಡೂ ಕಾಲು ಸಮ ಮಾಡ್ಕೊಂಡು ಕೂರಲ್ಲ, ಒಂದು ಕಾಲು ಈಚೆಗೆ ಹಾಕಿರ್ತದೆ” ಎಂದಳು ಒಬ್ಬಾಕೆ. ಇನ್ನೊಬ್ಬಾಕೆ ಮುಖ ತಿರುಗಿಸಿ ಎಂದಳು: “ನಮ್ಮನ್ನ್ಯಾಕೆ ನೋಡ್ತದೆ? ನಾಯಿ ದಾರಿ ನೋಡ್ಬೇಕು.” ಅಂದೇ ತಂತಿ ಸಡಿಲಿಸಿ ಹಿಂಗಾಲು ಹೊರಗೆ ಎಳೆದೆವು, ಮುಖವನ್ನು ಬಸ್ಸು ಬರುವ ತಿರುವಿನ ಕಡೆ ತಿರುಗಿಸಿದೆವು. ಅಷ್ಟಕ್ಕೇ ಅದಕ್ಕೆ ಜೀವ ಬಂತು. ಬಸ್ಸಿಗೆ ಕಾಯುವವರೂ ನಾಯಿಯೂ ಒಂದೇ ಕಡೆ ನೋಡುತ್ತಿದ್ದರು. ಸಾರ್ವಜನಿಕ ಜಾಗದ ಕಲೆಯಲ್ಲಿ ಊರವರು ಕೈ ಹಾಕಲು ಅವಕಾಶ ಇರಬೇಕು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ವೆಲ್ಡಿಂಗ್ ಮಾಡಿಸಿದ್ದರೆ ಆ ಕಾಲು ಹಾಗೇ ಇರುತ್ತಿತ್ತು.

ನಾಯಿಯ ಜಾಗ ಆಗಾಗ ಬದಲಿಸುವುದನ್ನು ಮಂಗಗಳಿಂದ ಕಲಿಯಬೇಕು. ಪಕ್ಕದ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ನಾಲೂರಿನಲ್ಲಿ ರೈತರೊಬ್ಬರು ಮಂಗಗಳ ಕಾಟಕ್ಕೆ ತೋಟದಲ್ಲಿ ಹುಲಿ ಬೊಂಬೆ ಇಟ್ಟು, ಬಣ್ಣ ಮಾಸಿದರೆ ಅವು ಉಪಯೋಗಕ್ಕಿಲ್ಲವೆಂದು ಕೊನೆಗೆ ತಮ್ಮ ನಾಯಿಯ ಮೈಗೇ ಹುಲಿಪಟ್ಟೆ ಬಳಿದದ್ದು 2019ರಲ್ಲಿ ದೇಶವೆಲ್ಲ ಸುದ್ದಿಯಾಯಿತು. ಬೆರ್ಚಪ್ಪ ನೆಟ್ಟ ಯಾರಿಗಾದರೂ ಇದು ಗೊತ್ತು: ಒಂದೇ ಕಡೆ ನಿಂತದ್ದಕ್ಕೆ ಪ್ರಾಣಿ ಪಕ್ಷಿ ಬೇಗ ಒಗ್ಗಿಹೋಗುತ್ತವೆ. ಮನುಷ್ಯನ ಕಣ್ಣೂ ಅಷ್ಟೆ. ವೃತ್ತದಲ್ಲಿ ನಿಂತ ಪ್ರತಿಮೆಗಳನ್ನು ನಾವು ಯಾರೂ ನೋಡುವುದಿಲ್ಲ. ನಮ್ಮ ನಾಯಿ ಇಬ್ಬರು ಮಕ್ಕಳು ಎತ್ತುವಷ್ಟು ಹಗುರ. ಡೈರಿ ಮುಂದೆ ಇದ್ದದ್ದು ಒಂದು ಬೆಳಿಗ್ಗೆ ಅಂಚೆ ಕಚೇರಿಯ ಜಗಲಿಯಲ್ಲಿರುತ್ತದೆ, ಜನ ಹುಡುಕಿಕೊಂಡು ಬರುತ್ತಾರೆ. ಒಂದು ಎಚ್ಚರಿಕೆ ಮಾತ್ರ: ರಸ್ತೆಯ ಒಳತಿರುವಿನಲ್ಲಿ, ರಾತ್ರಿ ಹೆಡ್‌ಲೈಟಿಗೆ ಥಟ್ಟನೆ ಕಾಣುವ ಕಡೆ ಇಡಬಾರದು. ನಿಜವಾದ ನಾಯಿ ಎಂದುಕೊಂಡು ಚಾಲಕ ಸ್ಟೇರಿಂಗ್ ಎಳೆದರೆ ನಮ್ಮ ಘಾಟಿ ರಸ್ತೆಯಲ್ಲಿ ಏನಾಗಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗ್ರಾಮ ಪಂಚಾಯಿತಿಗೆ ಹೇಳಿ, ಜಾಗ ತೋರಿಸಿ, ಆಮೇಲೆ ಇಡುತ್ತೇವೆ.

“ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಕಲ್ಲಿನಲ್ಲೋ ಕಬ್ಬಿಣದಲ್ಲೋ ಮಾಡಿಸಿ ಶಾಶ್ವತವಾಗಿ ಇಡಬಾರದೇ?” ಎನ್ನುವವರಿದ್ದಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ನಾಯಿಗೆ ಶಾಶ್ವತ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949-50ರದ್ದು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದಿಗೆ ಸೆಣಸಿ, ಎರಡೂ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಉಣ್ಣಬಾರದೆಂದು ಕಟ್ಟಳೆ ಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯ ಕಲ್ಲಿನ ಬಗ್ಗೆ ನನಗೆ ಅಪಾರ ಗೌರವ. ಆದರೆ ಅದು ಒಬ್ಬನ ಒಂದು ನಾಯಿ, ಒಂದು ಹೋರಾಟ. ನಮ್ಮ ಬಸ್ ಸ್ಟಾಪಿನ ನಾಯಿ ಒಂದೇ ಹೊತ್ತಿಗೆ ಕರಿಯನೂ ಹೌದು, ಬೆಳ್ಳಿಯೂ ಹೌದು. ಮುಂದಿನ ವರ್ಷ ಅದು ಇನ್ನೊಂದು ಮನೆಯ ನಾಯಿಯಾಗಬೇಕು. ಅದಕ್ಕಾಗಿ ಅದು ಹೋಗಿ ಮತ್ತೆ ಬರಬೇಕು.

ಸ್ಪೇನಿನ ಬಿಲ್ಬಾವೊ ಊರಿನ ಗುಗೆನ್‌ಹೈಮ್ ಮ್ಯೂಸಿಯಂ ಮುಂದೆ 1997ರಿಂದ ಜೆಫ್ ಕೂನ್ಸ್ ಮಾಡಿದ ಹನ್ನೆರಡು ಮೀಟರಿಗೂ ಎತ್ತರದ ನಾಯಿಮರಿ ಇದೆ. ಅದರ ಒಳಗೆ ಉಕ್ಕಿನ ಚೌಕಟ್ಟು, ಮೈತುಂಬ ಜೀವಂತ ಹೂಗಿಡ. ವರ್ಷಕ್ಕೆ ಎರಡು ಸಲ ಆ ಗಿಡಗಳನ್ನೆಲ್ಲ ಬದಲಿಸುತ್ತಾರೆ. ಚಿತ್ರ ನೋಡಿದ ನಮ್ಮ ಹುಡುಗರಿಗೆ ಅದರ ಗಾತ್ರಕ್ಕಿಂತ ಈ ಬದಲಿಸುವ ವಿಷಯವೇ ಹಿಡಿಸಿತು. ನೀಲಗಿರಿಯ ಆದಿವಾಸಿಗಳು ಕಾಡು ನುಂಗುತ್ತಿರುವ ಲಂಟಾನದಿಂದ ಹೆಣೆದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತದ್ದನ್ನೂ ಅವರು ನೋಡಿದ್ದಾರೆ. ಕಳೆ ಕಿತ್ತಷ್ಟೂ ಕಾಡಿಗೆ ಲಾಭ ಎನ್ನುವ ಲೆಕ್ಕ ನಮ್ಮ ಮಕ್ಕಳಿಗೆ ಕೂಡಲೇ ಅರ್ಥವಾಯಿತು, ಇಲ್ಲಿಯೂ ಬೇಲಿಸಾಲೆಲ್ಲ ಲಂಟಾನ. ಈಗ ಕಬ್ಬಿಣದ ಚೌಕಟ್ಟು ಉಳಿಸಿಕೊಂಡು ಮೈ ಮಾತ್ರ ಹೊಸದಾಗಿ ಮಾಡುತ್ತೇವೆ, ಪಕ್ಕೆಲುಬಿಗೆ ಕುದಿಸಿ ಬಗ್ಗಿಸಿದ ಲಂಟಾನ ಕಡ್ಡಿ ಹಾಕುತ್ತೇವೆ.

ಬಿಚ್ಚುವ ಕೆಲಸವನ್ನು ಕಟ್ಟುವ ದಿನವೇ ತೀರ್ಮಾನಿಸಬೇಕು ಎನ್ನುವುದು ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ಅಂಟು ಬೇಡ, ವೆಲ್ಡಿಂಗ್ ಬೇಡ, ಎಲ್ಲ ತಂತಿ ಕಟ್ಟು ಮತ್ತು ಬೋಲ್ಟು. ಪ್ರತಿ ನಾಯಿಗೂ ಒಂದು ನೋಟ್‌ಬುಕ್ ಹಾಳೆ ಇರುತ್ತದೆ: ಯಾವ ಸಾಮಾನು ಯಾರ ಮನೆಯಿಂದ ಬಂತು, ಬಿಚ್ಚಿದ ಮೇಲೆ ಎಲ್ಲಿಗೆ ಹೋಗಬೇಕು. ಹೊಟ್ಟು ಮತ್ತು ಗೋಣಿ ಗೊಬ್ಬರದ ಗುಂಡಿಗೆ, ತಂತಿ ಮತ್ತು ಕೇಬಲ್ ಗುಜರಿ ಅಂಗಡಿಗೆ, ಬುಡ ಶಾಲೆಯ ಬಿಸಿಯೂಟದ ಒಲೆಗೋ ಮುಂದಿನ ವರ್ಷಕ್ಕೋ. ಟಯರು ಕೊಟ್ಟವರೇ ವಾಪಸು ಒಯ್ಯಬೇಕು, ಬಿಟ್ಟರೆ ಅದರಲ್ಲಿ ನೀರು ನಿಂತು ಸೊಳ್ಳೆಯಾಗುತ್ತದೆ. ಕಟ್ಟುವ ದಿನಕ್ಕಿಂತ ಬಿಚ್ಚುವ ದಿನವೇ ಹೆಚ್ಚು ಜನ ಸೇರುತ್ತಾರೆ. ಕಿವಿಯನ್ನೋ ಬಾಲವನ್ನೋ ಕೇಳಿ ಮನೆಗೆ ಒಯ್ಯುವವರಿಗೆ ಇಲ್ಲ ಎನ್ನುವುದಿಲ್ಲ.

ಈ ಸಲ ಕಳಸದ ಕಡೆಯ ಶಾಲೆಯೊಂದು ಕರೆದಿದೆ. ಅಲ್ಲಿ ಭದ್ರೆ ಪಕ್ಕದಲ್ಲೇ ಹರಿಯುತ್ತಾಳೆ, ಮಳೆಗಾಲ ಬಂತೆಂದರೆ ಹೆಬ್ಬಾಳೆ ಸೇತುವೆ ಮುಳುಗಿದ ಸುದ್ದಿ ಕೇಳಿಯೇ ಆ ಮಕ್ಕಳು ಬೆಳೆದಿದ್ದಾರೆ. 2019ರ ಆಗಸ್ಟಿನಲ್ಲಿ ಗುಡ್ಡ ಜರಿದು ತೋಟಗಳೇ ಹೋದದ್ದನ್ನು ಅವರ ಮನೆಯವರು ಕಣ್ಣಾರೆ ಕಂಡಿದ್ದಾರೆ. ಹಾಗಾಗಿ ನಾಯಿ ಎಲ್ಲಿ ನಿಲ್ಲಬೇಕು, ಯಾವ ಮಳೆಗೆ ಮುಂಚೆ ಎತ್ತಬೇಕು ಎಂಬುದನ್ನು ಅವರೇ ಹೇಳಲಿ ಎಂದಿದ್ದೇನೆ. ಬೂಟುಗಳು ಆಗಲೇ ಒಂದು ಮೂಟೆ ಸೇರಿವೆಯಂತೆ. ರೊಬಸ್ಟಾ ಬುಡ ಕೊಡುವ ತೋಟ ಇನ್ನೂ ಸಿಕ್ಕಿಲ್ಲ. ಆ ಸುತ್ತಿನಲ್ಲಿ ಯಾರಾದರೂ ಹಳೇ ರೊಬಸ್ಟಾ ಗಿಡ ಕೀಳಿಸುವವರಿದ್ದರೆ, ಸುಡುವ ಮುಂಚೆ ಶಾಲೆಗೆ ಒಂದು ಮಾತು ತಿಳಿಸಿ.